ಹೊಗೆಯಿಲ್ಲದ ಗಾಡಿಗೆ ಪರೀಕ್ಷೆ ಯಾಕೆ?

ಗಾಡಿಯ ಕಾಗದದ ಅವಧಿ ಮುಗಿಯುವ ತಿಂಗಳು ಬಂತೆಂದರೆ ಎಲ್ಲರ ಮನೆಯಲ್ಲೂ ಅದೇ ಮಾತು. ಯಾರು ಹೋಗುವುದು? ಯಾರು ಸಾಲಿನಲ್ಲಿ ನಿಲ್ಲುವುದು? ಒಂದು ದಿನದ ವ್ಯಾಪಾರ ಹಾಳಾಗುತ್ತದಲ್ಲ? 2006ರ ನವೆಂಬರಿನಲ್ಲಿ ಕೋಲ್ಕತ್ತದ ಬಾಲಿಗಂಜ್‌ನಲ್ಲಿರುವ ಮುರಾರಿಯವರ ಮನೆಯಲ್ಲೂ ಇದೇ ಮಾತು ಎದ್ದಿತು.

ಮುರಾರಿಯವರು ಉಡುಪಿ ಹತ್ತಿರದ ಕಾಪುವಿನವರು. ಬಾಲಿಗಂಜ್ ಸ್ಟೇಷನ್ನಿನ ಬಳಿ ಹದಿನೆಂಟು ವರ್ಷದಿಂದ ಅವರದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಇಡ್ಲಿ, ದೋಸೆ, ಮಧ್ಯಾಹ್ನ ಊಟ. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಮೇಲೊಂದು ಎದ್ದು ನಿಂತ ಮೇಲೆ, ಅಲ್ಲಿ ಕೆಲಸ ಮಾಡುವ ದಕ್ಷಿಣದ ಹುಡುಗ ಹುಡುಗಿಯರು ಸಾರು ಅನ್ನ ಕಳಿಸಿ ಎಂದು ಕೇಳತೊಡಗಿದರು. ಆಗ ಮುರಾರಿ ಒಂದು ಪುಟ್ಟ ವಿದ್ಯುತ್ ಕಾರು ಕೊಂಡರು. ವ್ಯಾಪಾರದ ಗಾಡಿಯೆಂದೇ ನೋಂದಣಿ ಮಾಡಿಸಿ, ಹಿಂದಿನ ಸೀಟು ತೆಗೆಸಿ, ಊಟದ ಡಬ್ಬಿ ಇಡಲು ಜಾಗ ಮಾಡಿಸಿದರು.

ಅದನ್ನು ಓಡಿಸುತ್ತಿದ್ದವರು ಅವರ ಹೆಂಡತಿ ಗಿರಿಜಾ. ನಲವತ್ತರ ಹತ್ತಿರ ಬಂದ ಮೇಲೆ ಕಾರು ಕಲಿತವರು. ಗೇರು ಇಲ್ಲ, ಕ್ಲಚ್ಚು ಇಲ್ಲ, ಸದ್ದಿಲ್ಲ. ಒಂದು ತಿಂಗಳಲ್ಲಿ ಕೈ ಕುದುರಿತು. ದಿನವೂ ಬೆಳಿಗ್ಗೆ ಹತ್ತಕ್ಕೆ ಎಪ್ಪತ್ತು ಡಬ್ಬಿ ತುಂಬಿಕೊಂಡು ಬಿಜನ್ ಸೇತು ಏರಿ ಇಳಿದು, ಕಸ್ಬಾ ದಾಟಿ, ಬೈಪಾಸ್ ಹಿಡಿದು ಹೋಗುತ್ತಿದ್ದರು. ಹೋಗಿ ಬಂದ ಮೇಲೂ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಆ ಗಾಡಿ ದಾರಿಯಲ್ಲಿ ನಿಂತದ್ದಿಲ್ಲ. ಎರಡು ಮಳೆಗಾಲ ಬಾಲಿಗಂಜ್‌ನ ರಸ್ತೆಗಳಲ್ಲಿ ಮೊಣಕಾಲಿನವರೆಗೆ ನೀರು ನಿಂತು, ಅಂಬಾಸಿಡರ್ ಟ್ಯಾಕ್ಸಿಗಳೇ ಕೆಮ್ಮಿ ಕೈಚೆಲ್ಲಿದಾಗ, ಈ ಪುಟ್ಟ ಕಾರು ತಡವಾದರೂ ಊಟ ತಲುಪಿಸಿತ್ತು. ಆಟದ ಗಾಡಿ ಎಂದು ನಕ್ಕಿದ್ದವರೂ ಈಗ ನಿಂತು ನೋಡುತ್ತಿದ್ದರು.

ಹೊಸ ವ್ಯಾಪಾರಿ ಗಾಡಿಗೆ ಮೊದಲು ಸಿಗುವ ಎರಡು ವರ್ಷದ ಕಾಗದ ಆ ತಿಂಗಳು ಮುಗಿಯುವುದಿತ್ತು. ಗಾಡಿ ರಸ್ತೆಗೆ ಯೋಗ್ಯವೋ ಅಲ್ಲವೋ ಎಂದು ಪರೀಕ್ಷೆ ಮಾಡಿಸಿ, ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕಿತ್ತು. ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಒಬ್ಬ ಏಜೆಂಟ್, ಗಾಡಿ ತರುವುದೇ ಬೇಡ, ಹೆಸರು ನಂಬರು ಬರೆದುಕೊಡಿ, ಕಾಗದ ಇಲ್ಲಿಗೇ ತಂದುಕೊಡುತ್ತೇನೆ ಎಂದಿದ್ದ. ಮುರಾರಿಯವರಿಗೆ ಅದೇ ಸರಿ ಎನ್ನಿಸಿತ್ತು.

ಒಂದು ಸಂಜೆ ನಾಲ್ಕರ ಹೊತ್ತಿಗೆ, ಗಿರಾಕಿಗಳು ಕಡಿಮೆ ಇದ್ದಾಗ, ಈ ಸಂಗತಿಯನ್ನು ಅವರು ಓಂಕಾರಪ್ಪನವರಿಗೆ ಹೇಳಿದರು. ಓಂಕಾರಪ್ಪ ಧಾರವಾಡದ ಕಡೆಯವರು. ರೈಲ್ವೆಯಲ್ಲಿ ಬೋಗಿ ಪರೀಕ್ಷಕರಾಗಿ ಮೂವತ್ತಾರು ವರ್ಷ ದುಡಿದು, ನಿವೃತ್ತಿಯಾದ ಮೇಲೂ ಇಲ್ಲೇ ಮಗಳ ಹತ್ತಿರ ಉಳಿದವರು. ಗಿರಿಜಾ ಓಂಕಾರಪ್ಪನವರನ್ನು ಅವರ ಊರಿನ ರೀತಿಯಲ್ಲೇ ಕಾಕಾ ಎನ್ನುತ್ತಿದ್ದರು.

"ಹೊಗೆ ಇಲ್ಲ, ಇಂಜಿನ್ ಇಲ್ಲ, ಎಣ್ಣೆ ಇಲ್ಲ. ಇದರಲ್ಲಿ ಪರೀಕ್ಷೆ ಮಾಡ್ಲಿಕ್ಕೆ ಎಂತ ಉಂಟು?" ಎಂದರು ಮುರಾರಿ. "ಎರಡು ವರ್ಷದಲ್ಲಿ ಒಂದು ದಿನ ಕೈ ಕೊಟ್ಟದ್ದಿಲ್ಲ. ಚೆಂದ ಓಡ್ತಾ ಉಂಟು."

ಓಂಕಾರಪ್ಪ ಚಹಾದ ಲೋಟ ಕೆಳಗಿಟ್ಟರು.

"ಮುರಾರಿಯವರ, ಮೂವತ್ತಾರು ವರ್ಷ ನಾ ಪರೀಕ್ಷಾ ಮಾಡಿದ್ದು ಚಲೋ ಓಡಿ ಬಂದ ಗಾಡಿನ್ನರೀ. ಕೆಟ್ಟು ನಿಂತ ಗಾಡಿಗೆ ಪರೀಕ್ಷಾ ಯಾಕ ಬೇಕು? ಅದು ಕೆಟ್ಟೈತಿ ಅಂತ ಎಲ್ಲಾರಿಗೂ ಕಾಣತೈತಿ. ಪರೀಕ್ಷಾ ಬೇಕಾಗಿದ್ದು ಓಡೂ ಗಾಡಿಗೆ."

ರೈಲು ಸಮಯಕ್ಕೆ ಸರಿಯಾಗಿ ಬಂದು ನಿಂತರೂ, ತಾವು ಸುತ್ತಿಗೆ ಹಿಡಿದು ಒಂದೊಂದು ಚಕ್ರವನ್ನೂ ತಟ್ಟಿ ಸದ್ದು ಕೇಳುತ್ತಿದ್ದ ದಿನಗಳನ್ನು ಅವರು ಹೇಳಿದರು. ಸುಖವಾಗಿ ಬಂದದ್ದು ಬಂದ ದಾರಿಗೆ ಮಾತ್ರ ಸಾಕ್ಷಿ, ಹೋಗುವ ದಾರಿಗೆ ಅಲ್ಲ ಎಂದರು. ಮುರಾರಿಯವರು ಕೇಳಿಸಿಕೊಂಡರು, ಆದರೆ ಒಪ್ಪಿದಂತೆ ಕಾಣಲಿಲ್ಲ. ರೈಲಿಗೆ ಸಾವಿರ ಜನರ ಭಾರ, ತಮ್ಮ ಗಾಡಿಗೆ ಎಪ್ಪತ್ತು ಡಬ್ಬಿಯ ಭಾರ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ ಎಂದರು.

ಓಂಕಾರಪ್ಪ ವಾದ ಬೆಳೆಸಲಿಲ್ಲ. ಡಬ್ಬಿ ಒರೆಸುತ್ತ ಕುಳಿತಿದ್ದ ಗಿರಿಜಾ ಕಡೆ ತಿರುಗಿದರು.

"ತಂಗಿ, ಓಡಸಾಕಿ ನೀ. ನಿನ್ನ ಕೇಳ್ತೀನಿ. ಮುಂಜಾನೆ ತುಂಬಿದ ಗಾಡಿ ಬಿಜನ್ ಸೇತು ಇಳಿಯೂ ಮುಂದ ಬ್ರೇಕ್ ಹೆಂಗ ಹಿಡಿತೈತಿ? ಮಧ್ಯಾಹ್ನ ಖಾಲಿ ಬರೂ ಮುಂದ ಹೆಂಗ ಹಿಡಿತೈತಿ? ಎರಡೂ ಒಂದ ಏನು?"

ಗಿರಿಜಾ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಒಂದೇ ಅಲ್ಲ ಕಾಕಾ," ಎಂದರು ಆಮೇಲೆ. "ಬೆಳಿಗ್ಗೆ ಪೆಡಲ್ ಒತ್ತಿದ್ರೂ ಗಾಡಿ ಮುಂದೆ ಹೋಗ್ತದೆ. ಎಡಕ್ಕೆ ಎಳೀತದೆ. ಮಧ್ಯಾಹ್ನ ಸರಿ ಇರ್ತದೆ."

ಮುರಾರಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು. ಆಗ ಗಿರಿಜಾ ಹದಿನೈದು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದರು.

ಅವತ್ತು ಸೇತುವೆ ಇಳಿಯುವಾಗ ಮುಂದೆ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಸೈಕಲ್ ವ್ಯಾನ್ ಹೋಗುತ್ತಿತ್ತು. ತಗಡಿನ ಗೂಡಿನಂಥದರಲ್ಲಿ ಆರು ಮಕ್ಕಳು. ವ್ಯಾನಿನವನು ಒಮ್ಮೆಲೇ ನಿಲ್ಲಿಸಿದ. ಗಿರಿಜಾ ಬ್ರೇಕ್ ಒತ್ತಿದರು. ಗಾಡಿ ನಿಲ್ಲಲಿಲ್ಲ. ಇನ್ನಷ್ಟು ಒತ್ತಿದರು. ಎಡಕ್ಕೆ ಜಗ್ಗುತ್ತ ಹೋಗಿ, ವ್ಯಾನಿಗೆ ಗೇಣಷ್ಟು ದೂರದಲ್ಲಿ ನಿಂತಿತು. ಜಾಲರಿಯ ಹಿಂದೆ ನೀರಿನ ಬಾಟಲಿ ಹಿಡಿದು ಕುಳಿತ ಒಂದು ಹುಡುಗಿ ಇವರನ್ನೇ ನೋಡಿತು. ಏನಾಯಿತೆಂದು ಅದಕ್ಕೆ ಗೊತ್ತಾಗಲಿಲ್ಲ, ಕೈ ಬೀಸಿತು. ಗಿರಿಜಾ ಗಾಡಿಯನ್ನು ಬದಿಗೆ ಹಾಕಿ, ವ್ಯಾನು ಕಣ್ಮರೆಯಾಗುವವರೆಗೆ ಕುಳಿತಿದ್ದರು. ಆಮೇಲೆ ಊಟ ತಲುಪಿಸಿ ಬಂದಿದ್ದರು.

ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ, ತಪ್ಪು ತಮ್ಮ ಕಾಲಿನದೇ ಎಂದು ಅವರು ತಿಳಿದಿದ್ದರು. ಹೆಂಗಸು, ತಡವಾಗಿ ಕಲಿತವಳು ಎಂದು ಜನ ಆಡಿಕೊಳ್ಳುವುದನ್ನು ಕೇಳಿದ್ದರು. ಒಂದು ಗೀರು ಬಿದ್ದರೂ ಡ್ರೈವರ್ ಇಡುತ್ತೇನೆ ಎಂದು ಮುರಾರಿ ಮೊದಲ ದಿನವೇ ಹೇಳಿದ್ದರು. ಆ ಓಡಾಟವೆಂದರೆ ಗಿರಿಜಾಗೆ ಜೀವ. ಹಾಗಾಗಿ ಅವತ್ತಿನಿಂದ ಸೇತುವೆಯನ್ನು ಇನ್ನೂ ನಿಧಾನ ಇಳಿಯುತ್ತ, ದಿನಾ ತಮ್ಮ ಕಾಲನ್ನೇ ಬೈದುಕೊಳ್ಳುತ್ತಿದ್ದರು.

ಅವರು ಹೆದರಿದ್ದೇ ಆಯಿತು. "ಹಾಗಾದ್ರೆ ನಾಳೆಯಿಂದ ನೀನು ಓಡಿಸುದು ಬೇಡ. ಡ್ರೈವರ್ ನೋಡುವ," ಎಂದರು ಮುರಾರಿ.

"ತಪ್ಪು ತಂಗಿ ಕಾಲಿಂದೋ ಗಾಡೀದೋ, ನಿಮಗ ಗೊತ್ತೈತೇನ್ರಿ?" ಎಂದು ಓಂಕಾರಪ್ಪ ಕೇಳಿದರು. "ನನಗೂ ಗೊತ್ತಿಲ್ಲ. ಗಾಡೀದ ಇದ್ರ, ಡ್ರೈವರ್ ಬದಲಿ ಮಾಡಿದ್ರ ಏನಾತು? ಅದ ಬ್ರೇಕ್ ಇನ್ನೊಬ್ಬನ ಕಾಲಾಗ ಕೊಟ್ಟಂಗಾತು. ಆ ವ್ಯಾನಿನ್ಯಾಗಿನ ಕೂಸುಗಳಿಗೆ ಯಾರು ಓಡಿಸಿದ್ರೂ ಅಷ್ಟರೀ. ಮೊದಲ ತಿಳಕೋರಿ. ಅದಕ್ಕ ಪರೀಕ್ಷಾ ಅನ್ನೂದು ಐತಿ."

ಮುರಾರಿಯವರು ಒರಟರಲ್ಲ, ಹೆದರಿದ್ದರು. ಹೆದರಿದವರು ಮೊದಲು ಎದುರಿಗಿದ್ದವರನ್ನೇ ತಡೆಯುತ್ತಾರೆ. ಕೊನೆಗೆ ಅವರು, ಏಜೆಂಟ್ ಬೇಡ, ನಾವೇ ಹೋಗುವ ಎಂದರು. ಪರೀಕ್ಷೆ ಆಗುವವರೆಗೆ ಡಬ್ಬಿಗಳು ಟ್ಯಾಕ್ಸಿಯಲ್ಲಿ ಹೋಗಲಿ ಎಂದೂ ತೀರ್ಮಾನವಾಯಿತು.

ಹೊರಡುವ ಹಿಂದಿನ ಸಂಜೆ ಮಗಳು ಶ್ರೀರಕ್ಷಾ ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಹುಡುಕಿ ತೆಗೆದಳು. ಎರಡು ವರ್ಷ ಅದು ಅಡುಗೆಮನೆಯ ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಬಿದ್ದಿತ್ತು. ಹತ್ತನೆಯ ತರಗತಿಯ ಹುಡುಗಿ, ಕೋಲ್ಕತ್ತದಲ್ಲೇ ಹುಟ್ಟಿದವಳು, ಓದಿ ಹೇಳಿದಳು: "ಅಮ್ಮಾ, ಶೋನೋ, ಕೇಳು, ಬ್ಯಾಟರಿ ಫುಲ್ ಇದ್ದರೆ ಕಾರ್ ತಾನಾಗಿ ಸ್ಲೋ ಆಗಲ್ಲ, ಬ್ರೇಕ್ ಜಾಸ್ತಿ ಒತ್ತಬೇಕು ಅಂತ ಲಿಖಾ ಹೈ. ಮೀನಿಂಗ್ ನನಗೆ ಗೊತ್ತಾಗಲ್ಲ." ಗಿರಿಜಾ ಆ ಪುಟ ಮಡಚಿಟ್ಟುಕೊಂಡರು.

ಮರುದಿನ, ರಸ್ತೆ ತುಂಬುವ ಮೊದಲೇ, ಸೇತುವೆ ಸಿಗದ ದಾರಿ ಹಿಡಿದು, ನಡೆದುಹೋಗುವವರ ವೇಗದಲ್ಲಿ ಮೂವರೂ ಪರೀಕ್ಷೆಯ ಮೈದಾನ ತಲುಪಿದರು. ಗಿರಿಜಾ ಓಡಿಸಿದರು, ಮುರಾರಿ ಪಕ್ಕದಲ್ಲಿ ಕುಳಿತರು, ಓಂಕಾರಪ್ಪ ಹಿಂದಿನಿಂದ ರಿಕ್ಷಾದಲ್ಲಿ ಬಂದರು. ಮೈದಾನದಲ್ಲಿ ಲಾರಿ, ಬಸ್ಸು, ಹಳದಿ ಟ್ಯಾಕ್ಸಿಗಳ ಸಾಲು. ನಡುವೆ ಈ ಪುಟ್ಟ ಕಾರು. ಒಬ್ಬ ಲಾರಿ ಡ್ರೈವರ್, ಕೀಲಿ ಕೊಟ್ಟರೆ ಓಡುತ್ತದೆಯೇ ಎಂದು ನಕ್ಕ.

ಪರೀಕ್ಷೆ ಮಾಡುವ ಅಧಿಕಾರಿಯ ಹೆಸರು ಬಸು. ಐವತ್ತು ದಾಟಿದ ತೆಳ್ಳಗಿನ ಮನುಷ್ಯ. ಅವರು ನಗಲಿಲ್ಲ. ಇಂಥ ಗಾಡಿ ತಾನು ಹೆಚ್ಚು ನೋಡಿಲ್ಲ, ಅದಕ್ಕೇ ಹೆಚ್ಚು ಹೊತ್ತು ಬೇಕು ಎಂದು ಹಿಂದಿಯಲ್ಲಿ ಹೇಳಿದರು. ಓಡಿಸುವವರು ಯಾರು ಎಂದು ಕೇಳಿ, ಆಮೇಲೆ ಎಲ್ಲ ಪ್ರಶ್ನೆಗಳನ್ನೂ ಗಿರಿಜಾಗೇ ಕೇಳಿದರು. ದೀಪ, ಹಾರ್ನು, ವೈಪರು, ಕನ್ನಡಿ ನೋಡಿದರು. ಸ್ಟಿಯರಿಂಗ್ ಹಿಡಿದು ಆಚೀಚೆ ತಿರುಗಿಸಿದರು. ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿ, ಗಾಡಿಯ ಅಡಿಯ ವಯರುಗಳನ್ನು ಟಾರ್ಚ್ ಹಾಕಿ ನೋಡಿದರು. ಹಿಂದಿನ ಟೈರುಗಳ ಒಳಬದಿಗೆ ಕೈ ಹಾಕಿ, ಬ್ಯಾಟರಿಯ ಭಾರಕ್ಕೆ ಒಳ ಅಂಚು ಸವೆದಿದೆ, ಹೊರಗಿನಿಂದ ಕಾಣುವುದಿಲ್ಲ ಎಂದು ತೋರಿಸಿದರು. ಓಂಕಾರಪ್ಪ ಕೈಕಟ್ಟಿ ನಿಂತು, ಆ ಕೆಲಸವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಒಮ್ಮೆ ಮೆಲ್ಲಗೆ ತಲೆದೂಗಿದರು.

ಆಮೇಲೆ ಬ್ರೇಕಿನ ಪರೀಕ್ಷೆ. ನೆಲದ ಮೇಲೆ ಎರಡು ಬಿಳಿ ಗೆರೆಗಳಿದ್ದವು. ಮೊದಲ ಗೆರೆಗೆ ಮೂವತ್ತರ ವೇಗದಲ್ಲಿ ಬಂದು ಬ್ರೇಕ್ ಒತ್ತಬೇಕು, ಎರಡನೆಯ ಗೆರೆಯೊಳಗೆ ನಿಲ್ಲಬೇಕು. ರಾತ್ರಿ ಚಾರ್ಜ್ ಮಾಡಿದ್ದ ಬ್ಯಾಟರಿ ತುಂಬಿತ್ತು. ಗಿರಿಜಾ ಬಂದರು, ಒತ್ತಿದರು. ಗಾಡಿ ಎಡಕ್ಕೆ ಎಳೆಯುತ್ತ ಎರಡನೆಯ ಗೆರೆ ದಾಟಿ, ಎರಡಾಳು ಉದ್ದ ಮುಂದೆ ಹೋಗಿ ನಿಂತಿತು. ಗಿರಿಜಾ ತಲೆ ಎತ್ತಲಿಲ್ಲ. ಮುರಾರಿ ಬೇರೆ ಕಡೆ ನೋಡಿದರು.

ಬಸು ಬಾಬು ಅವರನ್ನು ಇಳಿಸಿ ತಾವೇ ಕುಳಿತರು. ಅದೇ ವೇಗ, ಅದೇ ಗೆರೆ. ಗಾಡಿ ಅಷ್ಟೇ ದೂರ ಹೋಯಿತು, ಅದೇ ಎಡಕ್ಕೆ ಎಳೆಯಿತು. ಅವರು ಇಳಿದು ಬಂದು ಗಿರಿಜಾ ಎದುರು ನಿಂತು, ನಿಧಾನವಾಗಿ, ಅರ್ಥವಾಗುವ ಹಾಗೆ ಹೇಳಿದರು.

"ದೀದಿ, ನಿಮ್ಮ ಕಾಲಿನ ತಪ್ಪಲ್ಲ. ನಾನು ಒತ್ತಿದರೂ ಅಲ್ಲಿಯೇ ಹೋಗಿ ನಿಂತಿತು."

ಹದಿನೈದು ದಿನದಿಂದ ಗಿರಿಜಾ ಕಾದಿದ್ದ ಮಾತು ಅದು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನಂತರ ಮಡಚಿಟ್ಟಿದ್ದ ಪುಟ ತೆಗೆದು ತೋರಿಸಿದರು.

ಬಸು ಬಾಬು ಓದಿ, ಕನ್ನಡಕ ಮೇಲೆತ್ತಿ, ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದರು. ಈ ಗಾಡಿಯಲ್ಲಿ ಕಾಲು ತೆಗೆದ ಕೂಡಲೇ ಮೋಟಾರು ತಾನೇ ವೇಗ ತಗ್ಗಿಸುತ್ತದೆ. ಹಾಗೆ ತಗ್ಗಿಸುವಾಗ ಹುಟ್ಟುವ ವಿದ್ಯುತ್ತನ್ನು ಬ್ಯಾಟರಿಗೆ ಕಳಿಸುತ್ತದೆ. ಒಳ್ಳೆಯ ಗುಣ. ಆದರೆ ತುಂಬಿದ ಕೊಡ ಮತ್ತೆ ನೀರು ಹಿಡಿಯುವುದಿಲ್ಲ. ಬೆಳಿಗ್ಗೆ ಬ್ಯಾಟರಿ ತುಂಬಿರುವಾಗ ಮೋಟಾರಿನ ಈ ಸಹಾಯ ಸಿಗುವುದಿಲ್ಲ. ಚಕ್ರದ ಬ್ರೇಕೇ ಪೂರಾ ಕೆಲಸ ಮಾಡಬೇಕು. ಮಧ್ಯಾಹ್ನ ಬ್ಯಾಟರಿ ಸ್ವಲ್ಪ ಇಳಿದಿರುವಾಗ ಮೋಟಾರು ಕೈಜೋಡಿಸುತ್ತದೆ, ಬ್ರೇಕ್ ಕೆಟ್ಟದ್ದು ಗೊತ್ತೇ ಆಗುವುದಿಲ್ಲ.

ಜ್ಯಾಕ್ ಕೊಟ್ಟು ಚಕ್ರಗಳನ್ನು ಒಂದೊಂದಾಗಿ ಎತ್ತಿದರು. ಗಿರಿಜಾ ಬ್ರೇಕ್ ಒತ್ತಿ ಹಿಡಿದಾಗ ಮೂರು ಚಕ್ರ ಕಲ್ಲಿನಂತೆ ನಿಂತವು. ಹಿಂದಿನ ಬಲಗಡೆಯದು ಮಾತ್ರ ಬಸು ಬಾಬು ಕೈಯಲ್ಲಿ ಸರಾಗ ತಿರುಗಿತು.

ಗಾಡಿ ಪಾಸಾಗಲಿಲ್ಲ. ಮುರಾರಿ ಒಂದು ಗಳಿಗೆ ಸೋತು, ಇವತ್ತು ಪಾಸ್ ಎಂದು ಬರೆದುಬಿಡಿ, ನಾಳೆ ಖಂಡಿತ ರಿಪೇರಿ ಮಾಡಿಸುತ್ತೇನೆ ಎಂದು ಕೇಳಿಕೊಂಡರು. ಬಸು ಬಾಬು ಸಿಟ್ಟಾಗಲಿಲ್ಲ. ರಿಪೇರಿ ಮಾಡಿಸಿ ತನ್ನಿ, ನೋಡಿ ಬರೆಯುತ್ತೇನೆ. ನಾನು ನೋಡದ ಕೆಲಸಕ್ಕೆ ನನ್ನ ಸಹಿ ಇಲ್ಲ ಎಂದರು. ಸರಿ ಮಾಡಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು.

ಮೈದಾನದ ಪಕ್ಕದ ಗಲ್ಲಿಯಲ್ಲೇ ಗ್ಯಾರೇಜು. ಗಾಡಿಯನ್ನು ಅಲ್ಲಿಯವರೆಗೆ ತಳ್ಳಿಕೊಂಡು ಹೋದರು. ಮೆಕ್ಯಾನಿಕ್ ಚಕ್ರ ಬಿಚ್ಚುವಾಗ ಮುರಾರಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರು. ಒಳಗಿನಿಂದ ಇಟ್ಟಿಗೆ ಪುಡಿಯಂಥ ತುಕ್ಕು ಉದುರಿತು. ಮಳೆಗಾಲದ ನೀರು ಒಳಗೆ ಹೋಗಿತ್ತು. ದಿನನಿತ್ಯ ಮೋಟಾರೇ ಗಾಡಿಯನ್ನು ನಿಧಾನ ಮಾಡುತ್ತಿದ್ದುದರಿಂದ ಬ್ರೇಕಿಗೆ ಕೆಲಸ ಕಡಿಮೆ. ಕೆಲಸವಿಲ್ಲದ ಕಬ್ಬಿಣಕ್ಕೆ ತುಕ್ಕು ಹಿಡಿದು, ಕೀಲು ಅಂಟಿಕೊಂಡುಬಿಟ್ಟಿತ್ತು. ಆ ಕೆಂಪು ಪುಡಿಯನ್ನು ಮುರಾರಿ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ಒಳ್ಳೆಯ ಗಾಡಿಯೊಳಗೆ ಇಷ್ಟು ತುಕ್ಕು ಇರಬಹುದೆಂದು ಅವರು ನೆನೆಸಿರಲಿಲ್ಲ.

ನಾಲ್ಕನೆಯ ದಿನ ಮತ್ತೆ ಪರೀಕ್ಷೆ. ಬ್ರೇಕ್ ಹೊಸದು, ಹಿಂದಿನ ಎರಡು ಟೈರು ಹೊಸವು. ರಾತ್ರಿಯೆಲ್ಲ ಚಾರ್ಜ್ ಮಾಡಿ ಬ್ಯಾಟರಿ ತುಂಬಿಸಿ ತನ್ನಿ, ದಿನಾ ಒಯ್ಯುವಷ್ಟು ಭಾರವನ್ನೂ ತನ್ನಿ ಎಂದು ಬಸು ಬಾಬು ಹೇಳಿದ್ದರು. ಡಬ್ಬಿಗಳ ತೂಕಕ್ಕೆ ಸರಿಯಾಗಿ ಅಕ್ಕಿ ಮೂಟೆ ಹೇರಿಕೊಂಡು ಗಿರಿಜಾ ಗೆರೆಗೆ ಬಂದರು. ಒತ್ತಿದರು. ಗಾಡಿ ನೆಟ್ಟಗೆ, ಎರಡನೆಯ ಗೆರೆಗೆ ಇನ್ನೂ ಒಂದು ಮಾರು ಇರುವಾಗಲೇ ನಿಂತಿತು. ಮೂರು ಸಲ ಮಾಡಿಸಿದರು. ಮೂರು ಸಲವೂ ಅಲ್ಲೇ.

ಕಾಗದಕ್ಕೆ ಸಹಿ ಹಾಕುತ್ತ ಬಸು ಬಾಬು ಮುರಾರಿಗೆ ಹೇಳಿದ ಮಾತನ್ನು ಮುರಾರಿ ಇವತ್ತಿಗೂ ಹೇಳುತ್ತಾರೆ. ಎರಡು ಮಳೆಗಾಲ ನೀರಲ್ಲಿ ಓಡಿಯೂ ಮೋಟಾರು, ವಯರು, ಸ್ಟಿಯರಿಂಗ್ ಇಷ್ಟು ಚೆನ್ನಾಗಿರುವ ಗಾಡಿ ಈ ಮೈದಾನಕ್ಕೆ ಅಪರೂಪ. "ಗಾಡಿ ನಂಬಿಕೆಗೆ ಯೋಗ್ಯವಾದದ್ದೇ. ಆದರೆ ನೀವು ನಂಬಿದಿರಿ, ನೋಡಲಿಲ್ಲ. ನಂಬಿರಿ, ಪರೀಕ್ಷೆ ಮಾಡಿಯೂ ನೋಡಿ."

ಮನೆಗೆ ಬರುವಾಗ, ಹೋಟೆಲಿನ ಹತ್ತಿರ, ಮುರಾರಿ ಹೆಂಡತಿಗೆ ಹೇಳಿದರು: "ಆ ಏಜೆಂಟನ ಕೈಯಿಂದ ಕಾಗದ ತರಿಸಿದ್ರೆ ಗಾಡಿ ಪಾಸ್ ಆಗ್ತಿತ್ತು. ನೀನು ಫೇಲ್ ಆಗ್ತಿದ್ದಿ. ನಾನೇ ನಿನ್ನನ್ನು ಫೇಲ್ ಮಾಡಿಬಿಡ್ತಿದ್ದೆ."

"ನಾನೂ ಬಾಯಿ ಬಿಡ್ಲಿಲ್ಲ ಅಲ್ವಾ," ಎಂದರು ಗಿರಿಜಾ. "ಆ ಮಕ್ಕಳಿಗೆ ಏನಾದ್ರೂ ಆಗಿದ್ರೆ? ಇನ್ನು ಮುಂದೆ ಗಾಡಿ ಒಂಚೂರು ಬೇರೆ ಹಾಗೆ ಆಡಿದ್ರೂ ಅವತ್ತೇ ಹೇಳ್ತೇನೆ. ನೀವು ಬೈಬಾರ್ದು."

"ಬೈಯುದಿಲ್ಲ," ಎಂದರು ಮುರಾರಿ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಗಿರಿಜಾ ಎಪ್ಪತ್ತು ಡಬ್ಬಿ ತುಂಬಿಕೊಂಡು ಹೊರಟರು. ಹೊರಡುವ ಮೊದಲು ಅಂಗಳದಲ್ಲೇ ಒಮ್ಮೆ ಬ್ರೇಕ್ ಒತ್ತಿ ನೋಡಿದರು. ಏಜೆಂಟ್ ಚಹಾಕ್ಕೆ ಬಂದಾಗ ಮುರಾರಿ ಅವನಿಗೆ ಚಹಾ ಕೊಟ್ಟರು, ಕೆಲಸ ಕೊಡಲಿಲ್ಲ. ಊಟಕ್ಕೆ ಬರುವ ಟ್ಯಾಕ್ಸಿಯವರಿಗೂ ಟೆಂಪೋದವರಿಗೂ ಗಲ್ಲಾದಲ್ಲಿ ಕುಳಿತೇ ಈ ಕಥೆ ಹೇಳತೊಡಗಿದರು. ಕೇಳಿದವರಲ್ಲಿ ಇಬ್ಬರು ಅದೇ ವಾರ ತಮ್ಮ ಗಾಡಿಗಳನ್ನು ತಾವೇ ಮೈದಾನಕ್ಕೆ ಒಯ್ದರು. ಒಬ್ಬನದು ಪಾಸಾಯಿತು. ಇನ್ನೊಬ್ಬನದು ಆಗಲಿಲ್ಲ. ಆಗದವನೇ ಬಂದು ಮುರಾರಿಯವರ ಕೈ ಹಿಡಿದುಕೊಂಡ.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಒಂದು ಗಾಡಿ ಇರಬಹುದು. ಪೆಟ್ರೋಲಿನದೋ, ಡೀಸೆಲಿನದೋ, ಗಿರಿಜಾ ಅವರದರಂತೆ ಕರೆಂಟಿನದೋ. ಅದು ಒಳ್ಳೆಯ ಗಾಡಿಯೇ ಇರಬಹುದು, ನಾವು ಅಲ್ಲವೆನ್ನುವುದಿಲ್ಲ. ಆದರೆ ಹೊಗೆ ಬಾರದ ಗಾಡಿಗೂ ಬ್ರೇಕ್ ಇದೆ, ಟೈರ್ ಇದೆ, ಕೀಲು ಇದೆ. ಪರೀಕ್ಷೆಯ ದಿನ ಬಂದಾಗ ಕಾಗದವನ್ನಷ್ಟೇ ತರಿಸಿಕೊಳ್ಳಬೇಡಿ, ಗಾಡಿಯನ್ನು ಒಯ್ಯಿರಿ. ದಿನಾ ಎಷ್ಟು ಭಾರ ಹೇರುತ್ತೀರೋ ಅಷ್ಟನ್ನೂ ಹೇಳಿ, ಓಡಿಸುವಾಗ ಅನುಮಾನ ಬಂದದ್ದನ್ನೂ ಹೇಳಿ. ಪಾಸಾಗದಿದ್ದರೆ ಅವಮಾನವಲ್ಲ, ರಸ್ತೆಯಲ್ಲಿ ತಿಳಿಯುವುದಕ್ಕಿಂತ ಮೈದಾನದಲ್ಲಿ ತಿಳಿದದ್ದು ನಿಮ್ಮ ಪುಣ್ಯ. ಮನೆಯಲ್ಲಿ ಗಾಡಿ ಓಡಿಸುವವರು ಏನೋ ಸರಿಯಿಲ್ಲ ಎಂದರೆ, ಅವರ ಕೈಕಾಲನ್ನು ದೂರುವ ಮೊದಲು ಗಾಡಿಯ ಚಕ್ರ ಬಿಚ್ಚಿಸಿ ನೋಡಿ.

ನಿಮ್ಮ ಗಾಡಿಯ ಕಾಗದ ಯಾವ ತಿಂಗಳು ಮುಗಿಯುತ್ತದೆ? ಇದನ್ನು ಕೆಳಗಿಡುವ ಮೊದಲು ಎದ್ದು ಹೋಗಿ ನೋಡಿ ಬನ್ನಿ.